ಲೂಯಿಸ್ಟನ್‌ನಲ್ಲಿ ಲಿಸ್ಟನ್ ಬಿದ್ದ ಜಾಗ

ಬಾಸ್ಟನ್‌ನಿಂದ ಕಾರಿನಲ್ಲಿ ಉತ್ತರಕ್ಕೆ ಸುಮಾರು ಎರಡೂವರೆ ಗಂಟೆ ಹೋದರೆ ಮೇಯ್ನ್ ರಾಜ್ಯದ ಲೂಯಿಸ್ಟನ್ ಸಿಗುತ್ತದೆ. ಮೇಯ್ನ್‌ಗೆ ಬರುವ ಜನ ಜಾಸ್ತಿ ಕರಾವಳಿಗೇ ಹೋಗುತ್ತಾರೆ. ನಾನು ಮತ್ತು ನನ್ನ ಹೆಂಡತಿಯ ತಮ್ಮ ಒಳನಾಡಿನ ದಾರಿ ಹಿಡಿದೆವು. 1965ರ ಮೇ 25ರಂದು ಮುಹಮ್ಮದ್ ಅಲಿ ಮತ್ತು ಸೋನಿ ಲಿಸ್ಟನ್ ಹೆವಿವೇಟ್ ಪಟ್ಟಕ್ಕಾಗಿ ಎರಡನೇ ಸಲ ಎದುರಾದ ಊರು ಇದು. ಬಾಕ್ಸಿಂಗ್ ಹುಚ್ಚಿರುವ ನನಗೆ ಇದನ್ನು ನೋಡಲೇಬೇಕಿತ್ತು.

ಊರಿನ ಪಕ್ಕದಲ್ಲೇ ಆಂಡ್ರೊಸ್ಕಾಗಿನ್ ನದಿ ಬಂಡೆಗಳ ಮೇಲಿಂದ ಧುಮುಕುತ್ತದೆ. ಈ ನೀರಿನ ಬಲದಿಂದಲೇ ಇಲ್ಲಿ ಬಟ್ಟೆ ಗಿರಣಿಗಳು ಬೆಳೆದವು. ಕ್ವಿಬೆಕ್‌ನಿಂದ ಫ್ರೆಂಚ್ ಮಾತಾಡುವ ಕೂಲಿಕಾರರು ಬಂದು ನೆಲೆಸಿದರು. ಕೆಂಪು ಇಟ್ಟಿಗೆಯ ಉದ್ದುದ್ದ ಗಿರಣಿಗಳು ಇಂದಿಗೂ ನಿಂತಿವೆ.

ಇಂಥ ಸಣ್ಣ ಊರಿಗೆ ಅಷ್ಟು ದೊಡ್ಡ ಪಂದ್ಯ ಯಾಕೆ ಬಂತು? ಅದು 1964ರ ನವೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ನಡೆಯಬೇಕಿತ್ತು. ಮೂರೇ ದಿನ ಇರುವಾಗ ಅಲಿಗೆ ಹರ್ನಿಯಾ ಆಪರೇಷನ್ ಆಯಿತು. ಮುಂದೂಡಿದ ಮೇಲೆ ಮ್ಯಾಸಚೂಸೆಟ್ಸ್ ಅಧಿಕಾರಿಗಳು ತಕರಾರು ತೆಗೆದರು. ಕೊನೇ ಗಳಿಗೆಯಲ್ಲಿ ಸಿಕ್ಕಿದ್ದು ಲೂಯಿಸ್ಟನ್ ಹಾಕಿ ಅಂಗಣ. ಅಲಿ ಇದ್ದ ನೇಷನ್ ಆಫ್ ಇಸ್ಲಾಂ ಸಂಘಟನೆಯನ್ನು ಬಿಟ್ಟು ಹೊರಬಂದಿದ್ದ ಕಪ್ಪುಜನರ ನಾಯಕ ಮಾಲ್ಕಮ್ ಎಕ್ಸ್ 1965ರ ಫೆಬ್ರವರಿಯಲ್ಲಿ ಕೊಲೆಯಾಗಿದ್ದ. ಸೇಡಿಗೆ ಅಲಿ ಮೇಲೆ ಗುಂಡು ಹಾರಿಸುತ್ತಾರೆ ಅನ್ನುವ ಸುದ್ದಿ ಹಬ್ಬಿತ್ತು. ಬಂದ ಪ್ರೇಕ್ಷಕರು ಬರೀ 2,434 ಮಂದಿ. ಹೆವಿವೇಟ್ ಪಟ್ಟದ ಪಂದ್ಯಕ್ಕೆ ಇಷ್ಟು ಕಡಿಮೆ ಜನ ಸೇರಿದ್ದು ಅಪರೂಪ.

ಬರ್ಚ್ ಸ್ಟ್ರೀಟ್‌ನಲ್ಲಿರುವ ಆ ಕಟ್ಟಡಕ್ಕೆ ಈಗ ಕೊಲಿಸೇ ಅಂತ ಹೆಸರು. ಅಗಲವಾದ, ತಗ್ಗಾದ ಕಟ್ಟಡ. ಈಗಲೂ ಐಸ್ ಹಾಕಿಯೇ ನಡೆಯುತ್ತದೆ. ರಿಂಗ್ ನಿಂತಿದ್ದ ಜಾಗದ ಮೇಲೆ ಮಕ್ಕಳು ಸ್ಕೇಟ್ ಮಾಡುತ್ತಿದ್ದರು.

ಬಾವಮೈದ ಫೋನಿನಲ್ಲಿ ನೀಲ್ ಲೈಫರ್ ತೆಗೆದ ಆ ಪ್ರಸಿದ್ಧ ಫೋಟೋ ತೆರೆದ. ಬಿಳಿ ಚಡ್ಡಿಯ ಅಲಿ ಬಲಗೈ ಮಡಚಿ, ಬಾಯಿ ತೆರೆದು, ಎದ್ದೇಳು ಅಂತ ಕೂಗುತ್ತಿದ್ದಾನೆ. ಕೆಳಗೆ ಲಿಸ್ಟನ್ ಅಂಗಾತ ಬಿದ್ದಿದ್ದಾನೆ. ಅಲಿಯ ಕಾಲುಗಳ ನಡುವೆ ಆಚೆ ಬದಿಯಲ್ಲಿ ಇನ್ನೊಬ್ಬ ಫೋಟೋಗ್ರಾಫರ್ ಕಾಣುತ್ತಾನೆ. ಅವನು ಹರ್ಬ್ ಶಾರ್ಫ್‌ಮನ್. ಅವನ ಪಾಲಿಗೆ ಸಿಕ್ಕಿದ್ದು ಅಲಿಯ ಬೆನ್ನು.

"ಭಾವ, ಇದು ಫಿಕ್ಸೇ. ಅಷ್ಟು ಸಣ್ಣ ಪೆಟ್ಟಿಗೆ ಯಾರಾದ್ರೂ ಬೀಳ್ತಾರಾ?" ಅಂದ ಅವನು.

ಅವತ್ತು ಅಂಗಣದಲ್ಲಿದ್ದವರೂ ಹಾಗೇ ಕೂಗಿದ್ದರು. ಪೆಟ್ಟು ತಮಗೆ ಕಾಣಲೇ ಇಲ್ಲ ಅಂದವರು ಬಹಳ. ಅದಕ್ಕೇ ಅದು ಫ್ಯಾಂಟಮ್ ಪಂಚ್ ಆಯಿತು. ಆದರೆ ಫಿಲ್ಮ್ ನಿಧಾನವಾಗಿ ನೋಡಿ. ಲಿಸ್ಟನ್ ಎಡಗೈ ಚಾಚುತ್ತಾನೆ, ಅದರ ಮೇಲಿಂದ ಅಲಿಯ ಬಲಗೈ ಚುರುಕಾಗಿ ಇಳಿಯುತ್ತದೆ, ಲಿಸ್ಟನ್ ತಲೆ ಪಕ್ಕಕ್ಕೆ ಹೊರಳುತ್ತದೆ. ಪೆಟ್ಟು ಬಿದ್ದಿದೆ. ಅಷ್ಟು ದೊಡ್ಡ ಆಳನ್ನು ಬೀಳಿಸುವಷ್ಟು ಬಲ ಅದರಲ್ಲಿತ್ತಾ ಅನ್ನುವುದು ಬೇರೆ ಮಾತು.

ನನ್ನ ತಕರಾರು ಇರುವುದು ಆಮೇಲೆ ನಡೆದದ್ದರ ಬಗ್ಗೆ. ಕೆಡವಿದವನು ದೂರದ ಮೂಲೆಗೆ ಹೋಗಬೇಕು, ಆಮೇಲೆ ರೆಫರಿ ಎಣಿಸಬೇಕು. ಅಲಿ ಹೋಗಲಿಲ್ಲ. ರೆಫರಿ ಜರ್ಸಿ ಜೋ ವಾಲ್ಕಾಟ್, ಸ್ವತಃ ಹಳೇ ಚಾಂಪಿಯನ್, ಅವನನ್ನು ತಳ್ಳಿ ತಳ್ಳಿ ಸುಸ್ತಾದ. ರಿಂಗ್ ಪಕ್ಕದಲ್ಲಿ ಟೈಮ್‌ಕೀಪರ್ ಎಣಿಸಿದರೂ ವಾಲ್ಕಾಟ್ ಎಣಿಸಲೇ ಇಲ್ಲ. ಅಷ್ಟರಲ್ಲಿ ಲಿಸ್ಟನ್ ಎದ್ದ. ಹೌದು, ಎದ್ದ! ಇಬ್ಬರೂ ಮತ್ತೆ ಗುದ್ದಾಟ ಶುರು ಮಾಡಿದರು. ಆಗ ರಿಂಗ್ ಪಕ್ಕದಿಂದ ಬಾಕ್ಸಿಂಗ್ ಪತ್ರಿಕೆಯ ಸಂಪಾದಕ ನ್ಯಾಟ್ ಫ್ಲೈಷರ್ ಪಂದ್ಯ ಮುಗಿದಿದೆ ಅಂತ ಕೂಗಿದರು. ವಾಲ್ಕಾಟ್ ಓಡಿ ಬಂದು ನಿಲ್ಲಿಸಿಬಿಟ್ಟ. ಫ್ಲೈಷರ್‌ಗೆ ಅಲ್ಲಿ ಯಾವ ಅಧಿಕಾರವೂ ಇರಲಿಲ್ಲ. ಒಂದು ನಿಮಿಷಕ್ಕೆ ನಾಕ್‌ಔಟ್ ಅಂತ ಮೊದಲು ಸಾರಿದರು. ಫಿಲ್ಮ್ ಪ್ರಕಾರ ನಿಲ್ಲಿಸಿದ್ದು 2 ನಿಮಿಷ 12 ಸೆಕೆಂಡಿಗೆ.

ಫೋಟೋ ನೋಡಿದವರಿಗೆ ಲಿಸ್ಟನ್ ಇನ್ನೂ ಬಿದ್ದೇ ಇದ್ದಾನೆ. ಎದ್ದು ಬಂದವನನ್ನು ಯಾರೂ ನೆನೆಯುವುದಿಲ್ಲ. ಅವನು ಸಂಭಾವಿತನೇನಲ್ಲ, ಜೈಲು ಕಂಡವನು, ಪುಂಡರ ಕೈಯಲ್ಲಿದ್ದವನು. ಆದರೂ ಸರಿಯಾದ ಎಣಿಕೆ ಅವನಿಗೆ ಸಲ್ಲಬೇಕಿತ್ತು ಅಲ್ವಾ?

ಅಲ್ಲಿಂದ ಪೋಲಂಡ್ ಸ್ಪ್ರಿಂಗ್‌ಗೆ ಹೋದೆವು. ಲಿಸ್ಟನ್ ತಾಲೀಮು ಮಾಡಿದ ದೊಡ್ಡ ಹೋಟೆಲ್ ಇದ್ದದ್ದು ಅಲ್ಲಿ. ಅದು 1975ರಲ್ಲಿ ಸುಟ್ಟುಹೋಯಿತು. 1893ರ ಷಿಕಾಗೋ ವಸ್ತುಪ್ರದರ್ಶನಕ್ಕೆ ಮೇಯ್ನ್‌ನವರು ಕಟ್ಟಿ, ಆಮೇಲೆ ಇಲ್ಲಿಗೆ ತಂದು ನಿಲ್ಲಿಸಿದ ಎಂಟು ಮೂಲೆಯ ಕಲ್ಲಿನ ಕಟ್ಟಡ ಪಕ್ಕದಲ್ಲೇ ಇದೆ. ಬಾವಮೈದ ಅದರ ಮೆಟ್ಟಿಲ ಮೇಲೆ ಕೂತು ಫಿಲ್ಮನ್ನು ಮತ್ತೆ ಮೊದಲಿಂದ ಹಾಕಿದ. ವಾದ ಬಾಸ್ಟನ್ ಮುಟ್ಟುವವರೆಗೂ ಮುಗಿಯಲಿಲ್ಲ.