ಮೂರನೇ ದಿನ

ಐದನೇ ತಿಂಗಳ ಸ್ಕ್ಯಾನಿಗೆ ಅಮ್ಮನೂ ಜೊತೆಗೆ ಬಂದಿದ್ದಳು. ದಾವಣಗೆರೆಯ ಸೆಂಟರಿನಲ್ಲಿ ‘ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡಿನ ಕೆಳಗೆ ಎರಡು ತಾಸು ಕೂತಿದ್ದೆವು. ಒಳಗೆ ಡಾಕ್ಟರು ತಲೆ, ಬೆನ್ನುಮೂಳೆ, ಕೈಕಾಲು ಎಲ್ಲ ಬೇಗ ಬೇಗ ನೋಡಿದರು. ಎದೆಯ ಹತ್ತಿರ ಬಂದಾಗ ಮಾತು ನಿಲ್ಲಿಸಿದರು. ಮಗ್ಗುಲಾಗಿ ಅಂದರು. ಸ್ವಲ್ಪ ಓಡಾಡಿ, ಏನಾದರೂ ತಿಂದು ಬನ್ನಿ ಅಂದರು. ಮತ್ತೆ ನೋಡಿದರು.

“ಹೃದಯದ ನಾಲ್ಕು ಕೋಣೆ ಸರಿಯಾಗಿವೆ. ಆದರೆ ಅಲ್ಲಿಂದ ಹೊರಡುವ ಎರಡು ದೊಡ್ಡ ರಕ್ತನಾಳ ಕತ್ತರಿ ಹಾಗೆ ಒಂದನ್ನೊಂದು ದಾಟಬೇಕು. ಇಲ್ಲಿ ಅಕ್ಕಪಕ್ಕ ನೆಟ್ಟಗೆ ಹೋಗ್ತಿವೆ. ಬೆಂಗಳೂರಿನಲ್ಲಿ ಫೀಟಲ್ ಎಕೋ, ಅಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಸ್ಕ್ಯಾನ್, ಮಾಡಿಸಿ.”

ನಾಲ್ಕು ಕೋಣೆ ನೋಡಿ ಬಿಟ್ಟಿದ್ದರೆ ನಾರ್ಮಲ್ ಅಂತಲೇ ರಿಪೋರ್ಟ್ ಬರುತ್ತಿತ್ತು. ಅವರು ಜಾಸ್ತಿ ನೋಡಿದ ಆ ಹತ್ತು ನಿಮಿಷಕ್ಕೆ ನಾನು ಇವತ್ತಿಗೂ ಋಣಿ. ಆವತ್ತು ಮಾತ್ರ ಸಿಟ್ಟೇ ಬಂದಿತ್ತು.

ಬೆಂಗಳೂರಿನಲ್ಲಿ ಮಕ್ಕಳ ಹೃದಯದ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಮೈಗೆ ಹೋಗುವ ನಾಳವೂ ಶ್ವಾಸಕೋಶಕ್ಕೆ ಹೋಗುವ ನಾಳವೂ ಅದಲು ಬದಲಾಗಿವೆ. ಹೊಟ್ಟೆಯಲ್ಲಿರುವಷ್ಟು ದಿನ ತೊಂದರೆ ಇಲ್ಲ, ಆಮ್ಲಜನಕ ತಾಯಿಯಿಂದ ಬರುತ್ತೆ. ಹುಟ್ಟಿದ ಮೇಲೆ ಕೆಟ್ಟ ರಕ್ತ ಮೈಯಲ್ಲೇ ಸುತ್ತುತ್ತೆ, ಶುದ್ಧ ರಕ್ತ ಶ್ವಾಸಕೋಶದಲ್ಲೇ ಸುತ್ತುತ್ತೆ. ಎರಡೂ ಬೆರೆಯಲು ಇರುವುದು ಹೃದಯದೊಳಗಿನ ಒಂದು ಸಣ್ಣ ಕಂಡಿ, ಹೊರಗಿನ ಒಂದು ಪುಟ್ಟ ನಾಳ. “ಆ ನಾಳ ಹುಟ್ಟಿದ ಎರಡು ಮೂರು ದಿನದಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತೆ” ಎಂದರು.

ಅಲ್ಲಿಯವರೆಗೆ ಬಾಯಿ ಬಿಡದ ಅಮ್ಮ, “ಮೂರನೇ ದಿನವಾ ಸಾರ್?” ಎಂದು ಕೇಳಿದಳು.

ನನಗಿಂತ ಮೊದಲು ಅಮ್ಮನಿಗೊಂದು ಗಂಡುಮಗು ಹುಟ್ಟಿತ್ತು. ಮನೆಯಲ್ಲೇ ಹೆರಿಗೆ. ಚೆನ್ನಾಗಿಯೇ ಅತ್ತಿತ್ತಂತೆ. ಆಮೇಲೆ ತುಟಿ, ಉಗುರು ನೀಲಿಯಾಗಿ ಮೂರನೇ ದಿನ ಹೋಯಿತು. ದೃಷ್ಟಿ ಅಂದರು, ಗ್ರಹಣದಲ್ಲಿ ಹೊರಗೆ ಬಂದಿದ್ದಳು ಅಂದರು. ಅದೂ ಇದೇ ಕಾಯಿಲೆಯಾ ಎಂದು ಈಗ ಯಾರು ಹೇಳಬೇಕು? ಡಾಕ್ಟರೂ ಹೇಳಲಿಲ್ಲ. ಆದರೆ “ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ” ಎಂದು ಎರಡು ಸಲ ಹೇಳಿದರು.

ಮೊದಲೇ ಗೊತ್ತಾಗಿದ್ದರಿಂದ ಹೆರಿಗೆಯ ಜಾಗ ಬದಲಾಯಿತು, ಅಷ್ಟೇ. ಬಾಣಂತನಕ್ಕೆಂದು ಅಮ್ಮ ಸುಣ್ಣ ಬಳಿಸಿದ್ದ ಕೋಣೆ ಖಾಲಿ ಉಳಿಯಿತು. ಕೊನೆಯ ತಿಂಗಳು ಬೆಂಗಳೂರಿನ ಆಸ್ಪತ್ರೆಯ ಹತ್ತಿರ ಬಾಡಿಗೆ ಕೋಣೆ ಹಿಡಿದೆವು. ಆ ನಾಲ್ಕು ತಿಂಗಳು ಹೇಗೆ ಕಳೆದೆ ಅಂತ ಕೇಳಬೇಡಿ. ಸೀಮಂತದಲ್ಲಿ ಹಸಿರು ಬಳೆ ತೊಡುವಾಗಲೂ ತಲೆಯಲ್ಲಿ ಆ ಚೀಟಿಯ ಚಿತ್ರವೇ. ಏನೂ ಗೊತ್ತಿಲ್ಲದ ಬಸುರಿಯರನ್ನು ಕಂಡರೆ ಹೊಟ್ಟೆಕಿಚ್ಚು.

ಸಿಸೇರಿಯನ್ ಬೇಕಾಗಲಿಲ್ಲ. ಮಗಳು ಹುಟ್ಟಿದ ಅರ್ಧ ಗಂಟೆಯಲ್ಲಿ ಪ್ರೊಸ್ಟಾಗ್ಲಾಂಡಿನ್ ಡ್ರಿಪ್ ಹಾಕಿದರು, ಆ ನಾಳ ಮುಚ್ಚದ ಹಾಗೆ ತಡೆಯುವ ಔಷಧಿ. ಅದರಿಂದ ಉಸಿರು ನಿಲ್ಲುವ ಭಯವೂ ಇದೆಯೆಂದು ನರ್ಸ್ ಪಕ್ಕ ಬಿಟ್ಟು ಕದಲಲಿಲ್ಲ. ಮರುದಿನ ರಕ್ತನಾಳದ ಮೂಲಕ ಬಲೂನ್ ತೂರಿಸಿ ಒಳಗಿನ ಕಂಡಿ ಅಗಲ ಮಾಡಿದರು.

ಅವತ್ತೇ ಇನ್ನೊಂದು ಮಗು ಬಂತು. ಇದೇ ಕಾಯಿಲೆ, ಸ್ಕ್ಯಾನಿನಲ್ಲಿ ಸಿಕ್ಕಿರಲಿಲ್ಲ. ಆಂಬುಲೆನ್ಸಿನಲ್ಲಿ ಆರು ತಾಸು. ಬರುವಷ್ಟರಲ್ಲಿ ಕಿಡ್ನಿ ಕೈಕೊಟ್ಟಿತ್ತು. ಡಾಕ್ಟರು ಅವರೇ, ಔಷಧಿ ಅದೇ. ಆ ಮಗುವಿನ ಅಪ್ಪ ನಮ್ಮನೆಯವರನ್ನು “ನಿಮಗೆ ಮೊದ್ಲೇ ಹೆಂಗ್ ಗೊತ್ತಾತು ಅಣ್ಣ?” ಎಂದು ಕೇಳಿದರಂತೆ. ಇವರಿಗೆ ಉತ್ತರ ಕೊಡಲು ಆಗಲಿಲ್ಲ.

ಮಗಳಿಗೆ ಒಂಬತ್ತನೇ ದಿನ ನಾಳ ಬದಲಿಸುವ ಆಪರೇಷನ್ ಆಯಿತು. ಎರಡು ಮೂರು ವಾರದೊಳಗೆ ಆಗಬೇಕು, ತಡವಾದರೆ ಹೃದಯದ ಎಡಗಡೆಯ ಕೋಣೆ ಶಕ್ತಿ ಕಳೆದುಕೊಳ್ಳುತ್ತದಂತೆ. ಆ ದಿನ ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಮೂರನೇ ದಿನದ ರಾತ್ರಿ. ಅಮ್ಮ ಐಸಿಯು ಎದುರಿನ ಬೆಂಚಿನಿಂದ ಏಳಲೇ ಇಲ್ಲ, ಊಟವನ್ನೂ ಮುಟ್ಟಲಿಲ್ಲ. ಬೆಳಗ್ಗೆ ಆರಕ್ಕೆ ನರ್ಸ್ ಹೊರಗೆ ಬಂದಾಗ ಅಮ್ಮ ಕೇಳಿದ್ದು ಒಂದೇ, “ಉಗುರು ಯಾವ ಬಣ್ಣ ಐತಮ್ಮ?”

“ಇನ್ನೂ ಸ್ವಲ್ಪ ನೀಲಿನೇ ಅಜ್ಜಿ. ನಿನ್ನೆಗಿಂತ ಕಡಿಮೆ.”

ಅಮ್ಮ ಎದ್ದು ಹೋಗಿ ಮುಖ ತೊಳೆದು, ಕ್ಯಾಂಟೀನಿನಲ್ಲಿ ನಾಲ್ಕು ಇಡ್ಲಿ ತಿಂದಳು.