ಡಬಲ್ ಕ್ಲಿಕ್‌ಗೆ ಕಮಾಂಡ್ ಕಟ್ಟೋದು ಹೇಗೆ?

ವಿಂಡೋಸ್ ಆ್ಯಪ್‌ಗಳ ಪರದೆ ಕಟ್ಟೋಕೆ ಬಳಸೋ ಮೈಕ್ರೋಸಾಫ್ಟ್‌ನ ಡಬ್ಲ್ಯೂಪಿಎಫ್‌ನಲ್ಲಿ ಬಟನ್ ಇದ್ದರೆ ಚಿಂತೆಯೇ ಇಲ್ಲ. ಬಟನ್, ಮೆನು ಐಟಂ, ಹೈಪರ್‌ಲಿಂಕ್ ಇವಕ್ಕೆಲ್ಲ ಕಮಾಂಡ್ (ಒತ್ತಿದಾಗ ನಡೆಯಬೇಕಾದ ಕೆಲಸ) ಪ್ರಾಪರ್ಟಿ ಇದೆ, ಅದನ್ನು ವ್ಯೂ ಮಾಡೆಲ್‌ಗೆ, ಅಂದರೆ ಪರದೆಯಿಂದ ಬೇರೆ ಇಟ್ಟ ಡೇಟಾ ಮತ್ತು ಕೆಲಸಗಳ ಕ್ಲಾಸ್‌ಗೆ, ಬೈಂಡ್ ಮಾಡಿದರೆ (ಜೋಡಿಸಿದರೆ) ಮುಗೀತು. ಕಮಾಂಡ್ ಈಗ ಓಡಬಹುದೇ ಅಂತ ಹೇಳೋ ಕ್ಯಾನ್‌ಎಕ್ಸಿಕ್ಯೂಟ್ ಫಾಲ್ಸ್ ಅಂದರೆ ಬಟನ್ ತಾನಾಗಿಯೇ ಡಿಸೇಬಲ್ ಆಗುತ್ತದೆ. ತಲೆನೋವು ಶುರುವಾಗೋದು ಲಿಸ್ಟ್‌ಬಾಕ್ಸ್‌ನ ಡಬಲ್ ಕ್ಲಿಕ್, ವಿಂಡೋದ ಲೋಡೆಡ್ ಇಂಥ ಕಡೆ. ಅಲ್ಲಿ ಇವೆಂಟ್ (ಏನೋ ಆಯಿತು ಅನ್ನೋ ಸೂಚನೆ) ಇದೆ, ಕಮಾಂಡ್ ಇಲ್ಲ.

ಎಲ್ಲರೂ ಮೊದಲು ಹಿಡಿಯೋದು ಬಿಹೇವಿಯರ್ಸ್ ಲೈಬ್ರರಿ. ಹಿಂದೆ ಮೈಕ್ರೋಸಾಫ್ಟ್‌ನ ಪರದೆ ವಿನ್ಯಾಸದ ಟೂಲ್ ಬ್ಲೆಂಡ್ ಜೊತೆ ಬರ್ತಿತ್ತು, 2018ರಲ್ಲಿ ಮೈಕ್ರೋಸಾಫ್ಟ್ ಇದನ್ನು ಓಪನ್ ಸೋರ್ಸ್ ಮಾಡಿತು, ಈಗ ಡಾಟ್‌ನೆಟ್ ಲೈಬ್ರರಿಗಳ ಭಂಡಾರ ನ್ಯೂಗೆಟ್‌ನಲ್ಲಿ ಸಿಗುತ್ತದೆ. ಇವೆಂಟ್‌ಟ್ರಿಗರ್ ಒಳಗೆ ಇನ್ವೋಕ್‌ಕಮಾಂಡ್‌ಆಕ್ಷನ್ ಇಟ್ಟರೆ ಇವೆಂಟ್ ಬಂದಾಗ ಕಮಾಂಡ್ ಓಡುತ್ತದೆ. ಆದರೆ ಕ್ಯಾನ್‌ಎಕ್ಸಿಕ್ಯೂಟ್ ಫಾಲ್ಸ್ ಇದ್ದರೆ ಸುಮ್ನೆ ಓಡೋದಿಲ್ಲ ಅಷ್ಟೇ, ಕಂಟ್ರೋಲ್ ಡಿಸೇಬಲ್ ಆಗೋದಿಲ್ಲ.

ಡಬಲ್ ಕ್ಲಿಕ್‌ನಲ್ಲಿ ಇನ್ನೊಂದು ತೊಡಕಿದೆ. ಮೌಸ್‌ಡಬಲ್‌ಕ್ಲಿಕ್ ಅನ್ನು ಇಡೀ ಲಿಸ್ಟ್ ಮೇಲೆ ಹಾಕಿದರೆ ಖಾಲಿ ಜಾಗದಲ್ಲಿ ಒತ್ತಿದರೂ, ಸ್ಕ್ರಾಲ್‌ಬಾರ್ ಮೇಲೆ ಬೇಗ ಬೇಗ ಒತ್ತಿದರೂ ಅದು ಬರುತ್ತದೆ, ಆಗ ಮೊದಲೇ ಆರಿಸಿಟ್ಟ ಸಾಲು ಬಳಕೆದಾರ ಕೇಳದೇನೇ ತೆರೆದುಕೊಳ್ಳುತ್ತದೆ. ಅದಕ್ಕೇ ನಾನು ಐಟಂಟೆಂಪ್ಲೇಟ್‌ನ (ಪ್ರತಿ ಸಾಲು ಹೇಗೆ ಕಾಣಬೇಕು ಅನ್ನೋ ಅಚ್ಚು) ಗ್ರಿಡ್‌ಗೆ ಇನ್‌ಪುಟ್‌ಬೈಂಡಿಂಗ್ಸ್ ಹಾಕಿ, ಅದರಲ್ಲಿ ಲೆಫ್ಟ್‌ಡಬಲ್‌ಕ್ಲಿಕ್‌ನ ಮೌಸ್‌ಬೈಂಡಿಂಗ್ ಕೊಡುತ್ತೇನೆ. ಬೇರೆ ಲೈಬ್ರರಿಯೇ ಬೇಡ. ಎರಡು ವಿಷಯ ನೆನಪಿರಲಿ. ಗ್ರಿಡ್‌ನ ಬ್ಯಾಕ್‌ಗ್ರೌಂಡ್ ಟ್ರಾನ್ಸ್‌ಪರೆಂಟ್ ಇರಬೇಕು, ಇಲ್ಲದಿದ್ದರೆ ಅಕ್ಷರದ ಮೇಲೆ ಒತ್ತಿದರೆ ಮಾತ್ರ ಕೆಲಸ ಮಾಡುತ್ತದೆ. ಆಮೇಲೆ ಅಲ್ಲಿ ಡೇಟಾಕಾಂಟೆಕ್ಸ್ಟ್ (ಬೈಂಡಿಂಗ್ ಬೆಲೆ ಹುಡುಕೋ ವಸ್ತು) ಅಂದರೆ ಆ ಸಾಲಿನ ಡೇಟಾ, ನಿಮ್ಮ ವ್ಯೂ ಮಾಡೆಲ್ ಅಲ್ಲ; ಹಾಗಾಗಿ ರಿಲೇಟಿವ್‌ಸೋರ್ಸ್ ಹಾಕಿ ಲಿಸ್ಟ್‌ಬಾಕ್ಸ್‌ವರೆಗೆ ಹತ್ತಿ, ಅದರ ಡೇಟಾಕಾಂಟೆಕ್ಸ್ಟ್‌ನಿಂದ ಕಮಾಂಡ್ ತರಬೇಕು. ಸಾಲನ್ನು ಕಮಾಂಡ್‌ಪ್ಯಾರಾಮೀಟರ್ ಆಗಿ ಕಳಿಸಿ.

ಇನ್ವೋಕ್‌ಕಮಾಂಡ್‌ಆಕ್ಷನ್‌ನಲ್ಲಿ ಇವೆಂಟ್‌ನ ವಿವರಗಳನ್ನೇ ಕಮಾಂಡ್‌ಗೆ ಕಳಿಸೋ ಪಾಸ್‌ಇವೆಂಟ್‌ಆರ್ಗ್ಸ್‌ಟುಕಮಾಂಡ್ ಅಂತ ಒಂದು ಸೌಲಭ್ಯವೂ ಇದೆ, ನನಗೆ ಅದು ಇಷ್ಟವಿಲ್ಲ. ಮೌಸ್‌ಬಟನ್‌ಇವೆಂಟ್‌ಆರ್ಗ್ಸ್ ವ್ಯೂ ಮಾಡೆಲ್ ಒಳಗೆ ಬಂತು ಅಂದರೆ ವ್ಯೂ ಮಾಡೆಲ್ ಅನ್ನು ಪರದೆಯಿಂದ ಬೇರೆ ಇಟ್ಟಿದ್ದೇ ದಂಡ ಅಲ್ವಾ? ಟೆಸ್ಟ್ ಬರೆಯೋಕೂ ಮೌಸ್ ಇದ್ದಂತೆ ನಟಿಸಬೇಕಾಗುತ್ತದೆ. ಏನೋ ಒಂದು ಬೆಲೆ ಬೇಕೇ ಬೇಕು ಅಂದರೆ ಇವೆಂಟ್‌ಆರ್ಗ್ಸ್‌ಕನ್ವರ್ಟರ್ ಇಟ್ಟು ಅಷ್ಟನ್ನೇ ದಾಟಿಸಿ.

ಎಷ್ಟೋ ಸಲ ಇವೆಂಟೇ ಬೇಕಿರೋದಿಲ್ಲ. ಸೆಲೆಕ್ಷನ್‌ಚೇಂಜ್ಡ್ ಹಿಡಿಯೋ ಬದಲು ಸೆಲೆಕ್ಟೆಡ್‌ಐಟಂ ಬೈಂಡ್ ಮಾಡಿ, ಉಳಿದದ್ದನ್ನು ಅದರ ಸೆಟ್ಟರ್‌ನಲ್ಲಿ ನೋಡಿಕೊಳ್ಳಿ. ಫೋಕಸ್ ಕೊಡೋದು, ಸ್ಕ್ರಾಲ್ ಮಾಡೋದು ಬರೀ ಪರದೆಯ ಕೆಲಸ. ಅದನ್ನು ಕೋಡ್‌ಬಿಹೈಂಡ್‌ನಲ್ಲೇ (ಆ ಪರದೆಯದೇ ಕೋಡ್ ಫೈಲ್) ಬರೆಯಿರಿ, ಯಾರೇನೇ ಅಂದರೂ.