ಉಂಬಳಿಯೇ ಇಟ್ಟಿಗೆಯಾದ ಊರು: ಮಲೂಟಿಯಲ್ಲಿ ಒಂದು ಹಗಲು

ಪಶ್ಚಿಮ ಬಂಗಾಳದ ರಾಮಪುರಹಾಟ್ ಸ್ಟೇಷನ್ ಬಿಟ್ಟು ದುಮ್ಕಾ ರಸ್ತೆ ಹಿಡಿದ ಆಟೋದಲ್ಲಿ ಕೂತವರಿಗೆ ಮೊದಲು ಸಿಗುವುದು ಕಲ್ಲಿನ ದೂಳು. ಇದು ಕರಿಕಲ್ಲಿನ ಸೀಮೆ. ಅಲ್ಲಲ್ಲಿ ಕ್ವಾರಿ, ಅಲ್ಲಲ್ಲಿ ಜಲ್ಲಿ ಕ್ರಷರ್, ಎದುರಿನಿಂದ ಒಂದರ ಹಿಂದೊಂದು ಟಿಪ್ಪರ್. ಹೊತ್ತೇರಿದ ಮೇಲೆ ಹೋದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳದೆ ಆಗದು, ಹಾಗಾಗಿ ಬೆಳಿಗ್ಗೆ ಏಳರ ಒಳಗೇ ಹೊರಟುಬಿಡುವುದು ಲೇಸು. ದಾರಿ ಸುಮಾರು 15 ಕಿಲೋಮೀಟರ್. ಮಧ್ಯದಲ್ಲೆಲ್ಲೋ ಅಂಗಡಿ ಬೋರ್ಡುಗಳ ಬಂಗಾಳಿ ಅಕ್ಷರ ಮುಗಿದು ಹಿಂದಿ ಅಕ್ಷರ ಶುರುವಾಗುತ್ತದೆ. ರಾಜ್ಯ ಬದಲಾಯಿತು ಅಂತ ತಿಳಿಯುವುದು ಅಷ್ಟರಿಂದಲೇ. ಮುಖ್ಯರಸ್ತೆ ಬಿಟ್ಟು ಊರೊಳಗೆ ಇಳಿದರೆ ಕಿವಿಗೆ ಬೀಳುವುದು ಮತ್ತೆ ಬಂಗಾಳಿಯೇ.

ಮಲೂಟಿ ಈಗ ಜಾರ್ಖಂಡದ ದುಮ್ಕಾ ಜಿಲ್ಲೆಯ ಶಿಕಾರಿಪಾಡಾ ಬ್ಲಾಕಿಗೆ ಸೇರಿದೆ. ಹಿಂದೆ ಬಂಗಾಳದ ಬೀರ್‌ಭೂಮ್ ಸೀಮೆಯದು. 1855ರಲ್ಲಿ ಸಂತಾಲರು ದಂಗೆಯೆದ್ದ ಮೇಲೆ ಬ್ರಿಟಿಷರು ಬೀರ್‌ಭೂಮ್ ಮತ್ತು ಭಾಗಲ್ಪುರದ ನೆಲ ಕತ್ತರಿಸಿ ಸಂತಾಲ್ ಪರಗಣ ಎಂಬ ಬೇರೆ ಜಿಲ್ಲೆ ಮಾಡಿದರು. 1912ರಲ್ಲಿ ಬಿಹಾರ ಬಂಗಾಳದಿಂದ ಬೇರೆಯಾಯಿತು, 2000ದಲ್ಲಿ ಬಿಹಾರದಿಂದ ಜಾರ್ಖಂಡ. ಊರು ಇದ್ದಲ್ಲೇ ಇತ್ತು, ಗಡಿಗಳು ಬಂದು ಹೋದವು. ಬಂಗಾಳದ ದೇಗುಲಗಳನ್ನು ನೋಡಲು ಬರುವವರು ವಿಷ್ಣುಪುರಕ್ಕೋ ಕಾಲ್ನಾಕ್ಕೋ ಹೋಗಿ ಮಲೂಟಿಯನ್ನು ಬಿಟ್ಟುಬಿಡುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ಬಂಗಾಳದ ಪಟ್ಟಿಯಲ್ಲಿ ಅದರ ಹೆಸರಿಲ್ಲ, ಜಾರ್ಖಂಡ ಎಂದರೆ ಇಂಥದೊಂದು ಊರು ಯಾರ ಮನಸ್ಸಿಗೂ ಬರುವುದಿಲ್ಲ.

ಊರಿನ ಅರಸರ ಕಥೆ ಹಕ್ಕಿಯಿಂದ ಶುರುವಾಗುತ್ತದೆ. ಬಂಗಾಳದ ಗೌಡ ನಗರದ ಸುಲ್ತಾನ ಅಲಾವುದ್ದೀನ್ ಹುಸೇನ್ ಶಾಹ, ಅಂದರೆ 1494ರಿಂದ 1519ರವರೆಗೆ ಆಳಿದವನು, ಸಾಕಿದ್ದ ಬೇಟೆಯ ಡೇಗೆ ಒಂದು ಸಲ ಕೈತಪ್ಪಿ ಹಾರಿಹೋಯಿತಂತೆ. ಬಸಂತ ಎಂಬ ಬಡ ಬ್ರಾಹ್ಮಣ ಹುಡುಗ ಅದನ್ನು ಹಿಡಿದು ತಂದೊಪ್ಪಿಸಿದ. ಸುಲ್ತಾನ ಮೆಚ್ಚಿ ಭೂಮಿ ಕೊಟ್ಟ. ಸೂರ್ಯ ಹುಟ್ಟಿ ಮುಳುಗುವುದರೊಳಗೆ ಕುದುರೆಯ ಮೇಲೆ ಸುತ್ತಿ ಬಂದಷ್ಟು ನೆಲ ನಿನ್ನದು ಎಂದನಂತೆ. ಬಂಗಾಳಿಯಲ್ಲಿ ಡೇಗೆಗೆ ಬಾಜ್ ಎನ್ನುತ್ತಾರೆ, ಹುಡುಗ ಬಾಜ್ ಬಸಂತನಾದ. ಕುದುರೆಯ ಮಾತು ಐತಿಹ್ಯ, ಹಾಗೆಂದೇ ಕೇಳಬೇಕು. ಇತಿಹಾಸಕ್ಕೆ ಬೇಕಾದ ಮಾತು ಆ ಜಹಗೀರಿನ ಹೆಸರಿನಲ್ಲಿದೆ. ಅದಕ್ಕೆ ನಾನ್‌ಕಾರ್ ರಾಜ್ಯ ಎನ್ನುತ್ತಾರೆ. ನಾನ್ ಎಂದರೆ ರೊಟ್ಟಿ. ಹೊಟ್ಟೆಪಾಡಿಗೆಂದು ಕಂದಾಯವಿಲ್ಲದೆ ಬಿಟ್ಟುಕೊಟ್ಟ ನೆಲ ನಾನ್‌ಕಾರ್. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಮ್ಮ ಉಂಬಳಿಯೂ ಉಣ್ಣುವುದಕ್ಕೆ ಬಿಟ್ಟ ನೆಲವೇ. ದೊರೆಗೆ ಅದು ರೊಟ್ಟಿಯಾಗಿ ಕಂಡಿದೆ, ನಮಗೆ ಊಟವಾಗಿ.

ಈ ಒಂದು ಪದ ಕೈಯಲ್ಲಿದ್ದರೆ ಮಲೂಟಿ ಅರ್ಥವಾಗುತ್ತದೆ. ಬೆಳೆದದ್ದರಲ್ಲಿ ದೊಡ್ಡ ಪಾಲು ಮೇಲಿನವರಿಗೆ ಹೋಗದಿದ್ದರೆ ಅದು ಊರಲ್ಲೇ ಉಳಿಯುತ್ತದೆ. ಉಳಿದದ್ದನ್ನು ಇವರು ಕೋಟೆಗೆ ಹಾಕಲಿಲ್ಲ, ಅರಮನೆಗೂ ಹಾಕಲಿಲ್ಲ. ದೇಗುಲ ಕಟ್ಟಿದರು. 108 ಕಟ್ಟಿದ್ದರು ಎನ್ನುವುದು ಊರಿನ ಲೆಕ್ಕ. ಈಗ ನಿಂತಿರುವುದು 72. ಎಲ್ಲವೂ 17ನೇ ಶತಮಾನದಿಂದ 19ನೇ ಶತಮಾನದ ನಡುವಿನವು.

ಒಂದು ಸಣ್ಣ ಊರಿಗೆ ಅಷ್ಟು ದೇಗುಲ ಯಾಕೆ ಎನ್ನುವುದಕ್ಕೆ ಉತ್ತರ ಪಾಲುಪಟ್ಟಿಯಲ್ಲಿದೆ. ಬಸಂತನ ವಂಶದವರ ರಾಜಧಾನಿ ಮೊದಲು ಡಾಮ್ರಾದಲ್ಲಿತ್ತು, ಅಲ್ಲಿಂದ ಮಲೂಟಿಗೆ ಬಂತು. ಬಂದ ಮೇಲೆ ಮನೆತನ ಒಡೆದು ನಾಲ್ಕಾಯಿತು: ರಾಜಾರ್ ಬಾಡಿ, ಮಧ್ಯಮ ಬಾಡಿ, ಸಿಕಿರ್ ಬಾಡಿ, ಛಯ್ ತರಫ್. ಬಾಡಿ ಎಂದರೆ ಮನೆ, ತರಫ್ ಎಂದರೆ ಕವಲು. ಬಂಗಾಳಿಯಲ್ಲಿ ಸಿಕಿ ಎಂದರೆ ಕಾಲುಭಾಗ, ರೂಪಾಯಿಗೆ ನಾಲ್ಕಾಣೆ. ಛಯ್ ಎಂದರೆ ಆರು. ಹೆಸರುಗಳಲ್ಲೇ ಪಾಲು ಕೂತಿದೆ. ಒಬ್ಬ ದಾಯಾದಿ ಶಿವನಿಗೆ ಗುಡಿ ಕಟ್ಟಿಸಿದರೆ ಇನ್ನೊಬ್ಬ ಸುಮ್ಮನಿರುವುದು ಹೇಗೆ? ಗುಡಿಗಳು ಊರಿನ ಒಂದೇ ಕಡೆ ಇಲ್ಲದೆ ಗುಂಪುಗುಂಪಾಗಿ ಹಂಚಿಹೋಗಿರುವುದಕ್ಕೂ ಈ ಮನೆಗಳ ಹಂಚಿಕೆಯೇ ಕಾರಣ. ಹೀಗೆ ನೋಡುತ್ತಾ ನಡೆದರೆ 72 ಗುಡಿಗಳ ಗೊಂದಲ ಕರಗಿ ನಾಲ್ಕು ಕೇರಿಗಳ ಊರು ಕಾಣತೊಡಗುತ್ತದೆ.

ಬಹುಪಾಲು ಗುಡಿ ಶಿವನವು, ಒಳಗೆ ಒಂದೇ ಕೋಣೆ, ಒಂದು ಲಿಂಗ. ಅತಿ ಸಣ್ಣದು ಸುಮಾರು 15 ಅಡಿ ಎತ್ತರ, ದೊಡ್ಡದು 60 ಅಡಿಯವರೆಗೆ. ಹೆಚ್ಚಿನವು ಚಾರ್‌ಚಾಲಾ ಮಾದರಿಯವು. ಚಾಲಾ ಎಂದರೆ ಹುಲ್ಲು ಹೊದಿಸಿದ ಇಳಿಜಾರು ಮಾಡು, ಚಾರ್ ಎಂದರೆ ನಾಲ್ಕು. ಬಂಗಾಳದ ಗುಡಿಸಲಿನಲ್ಲಿ ಬಿದಿರಿನ ತೊಲೆ ಬಾಗಿಸಿ ಮಾಡು ಕಟ್ಟುತ್ತಾರೆ, ಸುರಿಮಳೆಯ ನೀರು ನಿಲ್ಲದೆ ಜಾರಿಹೋಗಲಿ ಅಂತ. ಅದೇ ಬಾಗನ್ನು ಇಟ್ಟಿಗೆಯಲ್ಲಿ ತಂದಿದ್ದಾರೆ. ಸೂರಿನ ಗೆರೆ ನಡುವೆ ಎದ್ದು ಎರಡೂ ಮೂಲೆಯಲ್ಲಿ ಇಳಿಯುತ್ತದೆ, ಹುಬ್ಬಿನ ಹಾಗೆ. ಇಟ್ಟಿಗೆಗೆ ಬಾಗುವ ಗುಣವಿಲ್ಲ. ಪ್ರತಿ ವರಸೆಯಲ್ಲೂ ಕೂದಲೆಳೆಯಷ್ಟು ಗಾರೆ ಹೆಚ್ಚುಕಮ್ಮಿ ಮಾಡುತ್ತಾ ಆ ಗೆರೆ ತರಬೇಕು. ತೆಳು ಇಟ್ಟಿಗೆ ಬಳಸಿದ್ದರ ಲಾಭ ಅಲ್ಲಿ ಕಾಣುತ್ತದೆ. ದಪ್ಪ ಇಟ್ಟಿಗೆಯಾಗಿದ್ದರೆ ಮೆಟ್ಟಿಲು ಮೆಟ್ಟಿಲಾಗುತ್ತಿತ್ತು.

ಪಕ್ಕದಲ್ಲೇ ಇಷ್ಟು ಕಲ್ಲಿದ್ದೂ ಇಟ್ಟಿಗೆ ಯಾಕೆ? ಇಲ್ಲಿಯ ಕರಿಕಲ್ಲು ಬಸಾಲ್ಟು. ರಸ್ತೆಗೆ ಜಲ್ಲಿಯಾಗಲು ಒಳ್ಳೆಯದು, ಬೆರಳುದ್ದದ ಬೊಂಬೆ ಕೆತ್ತಲು ಹಳೇಬೀಡಿನ ಬಳಪದ ಕಲ್ಲಿನಂತೆ ಉಳಿಗೆ ಒಗ್ಗುವುದಿಲ್ಲ. ಅದಕ್ಕಿಂತ ದೊಡ್ಡ ಕಾರಣ ಕೆಲಸಗಾರರು. ಬಂಗಾಳದ ದೇಗುಲ ಕಟ್ಟುತ್ತಿದ್ದವರು ಸೂತ್ರಧರರು. ಮರ, ಮಣ್ಣು, ಕಲ್ಲು, ಚಿತ್ರ ನಾಲ್ಕೂ ಅವರ ಕಸುಬು. ಬಯಲುಸೀಮೆಯಲ್ಲಿ ಅವರ ಕೈ ಪಳಗಿದ್ದು ಮೆಕ್ಕಲು ಮಣ್ಣಿನಲ್ಲಿ.

ಬಾಗಿಲ ಮೇಲಿನ ಫಲಕಗಳ ಮುಂದೆ ಒಂದು ಗಂಟೆ ಬೇಕು. ಬಿಸಿಲು ಓರೆಯಾಗಿ ಬೀಳುವಾಗ ನೋಡಿದರೆ ಉಬ್ಬು ಎದ್ದು ಕಾಣುತ್ತದೆ, ನಡುಹಗಲಲ್ಲಿ ಎಲ್ಲ ಚಪ್ಪಟೆ. ಕಮಾನಿನ ಮೇಲೆ ಬಹಳ ಕಡೆ ರಾಮ ರಾವಣರ ಯುದ್ಧ. ಒಂದು ಪಕ್ಕದಲ್ಲಿ ಹತ್ತು ತಲೆ, ಇನ್ನೊಂದು ಪಕ್ಕದಲ್ಲಿ ಬಿಲ್ಲೆತ್ತಿದ ರಾಮ, ನಡುವೆ ಸಿಕ್ಕಿದ್ದಕ್ಕೆ ಹಲ್ಲು ಹಾಕುವ ಕಪಿಗಳು. ಮಹಿಷಮರ್ದಿನಿಯೂ ಇದ್ದಾಳೆ, ಹಳ್ಳಿಯ ದಿನಬಳಕೆಯ ಚಿತ್ರಗಳೂ ಇವೆ. ಇಡೀ ಯುದ್ಧ ಒಂದೇ ಫಲಕವಲ್ಲ. ಹತ್ತಿರ ಹೋಗಿ ನೋಡಿದರೆ ತೋಳಿನ ನಡುವೆ, ಬಾಣದ ನಡುವೆ ಸಣ್ಣ ಸಂದುಗಳು ಕಾಣುತ್ತವೆ. ಬೇರೆ ಬೇರೆ ತುಂಡು ಸುಟ್ಟು ಗೋಡೆಯ ಮೇಲೆ ಜೋಡಿಸಿದ್ದಾರೆ.

ಈ ತುಂಡು ಮಾಡುವ ಕ್ರಮ ತಿಳಿದಿದ್ದರೆ ನೋಟವೇ ಬೇರೆಯಾಗುತ್ತದೆ. ಕೆರೆಯ ನುಣುಪು ಮಣ್ಣನ್ನು ಸೋಸಿ, ಕಸ ಕಡ್ಡಿ ತೆಗೆದು, ತುಳಿದು ಹದ ಮಾಡಿ ಹಲಗೆಯಂತೆ ತಟ್ಟಬೇಕು. ಬೆರಳೊತ್ತಿದರೆ ಗುರುತು ಬೀಳಬಾರದು, ಉಗುರು ಗೀರಿದರೆ ಗೆರೆ ಬೀಳಬೇಕು: ಕೆತ್ತುವ ಹದ ಅದು. ಅದಕ್ಕೂ ಹಸಿಯಿದ್ದರೆ ಬಿದಿರಿನ ಚಾಕು ಅಂಚನ್ನು ಎಳೆದುಕೊಂಡು ಬರುತ್ತದೆ, ಒಣಗಿಬಿಟ್ಟಿದ್ದರೆ ಮೂಗು, ಬೆರಳು ಚಕ್ಕೆಯೇಳುತ್ತವೆ. ಕೆತ್ತಿದ ಮೇಲೆ ನೆರಳಲ್ಲಿ ದಿನಗಟ್ಟಲೆ ಒಣಗಿಸುವುದು. ಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ಒಳಗೆ ಪಸೆ ಉಳಿದಿದ್ದರೆ ಆವಿಗೆಯಲ್ಲಿ ಆವಿಯಾಗಿ ತುಂಡು ಸಿಡಿಯುತ್ತದೆ. ಒಣಗಿ ಸುಟ್ಟು ಬರುವಷ್ಟರಲ್ಲಿ ಮಣ್ಣು ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುವುದರಿಂದ ಕೆತ್ತುವಾಗಲೇ ಅಷ್ಟು ದೊಡ್ಡದಾಗಿ ಕೆತ್ತಬೇಕು. ಎಲ್ಲ ತುಂಡೂ ಒಂದೇ ಹದದಲ್ಲಿ ಕುಗ್ಗದಿದ್ದರೆ ರಾಮನ ತೋಳು ಭುಜಕ್ಕೆ ಕೂರುವುದಿಲ್ಲ. ಮುನ್ನೂರು ವರ್ಷದ ಮೇಲೂ ಅದು ಕೂತಿರುವುದನ್ನು ಕಂಡರೆ ಕೈಮುಗಿಯುವ ಹಾಗಾಗುತ್ತದೆ.

ಶಾಸನ ಓದಲು ಹೋಗುವವರಿಗೆ ಎರಡು ಮಾತು. ಬಂಗಾಳದ ದೇಗುಲಗಳಲ್ಲಿ ಕಾಲ ಸಾಮಾನ್ಯವಾಗಿ ಶಕವರ್ಷದಲ್ಲಿರುತ್ತದೆ, 78 ಕೂಡಿಸಬೇಕು. ಶಕ 1700 ಎಂದಿದ್ದರೆ 1778. ಅಂಕಿಗಳನ್ನು ನೋಡಿ ಮೋಸಹೋಗಬಾರದು: ಬಂಗಾಳಿಯ ನಾಲ್ಕು ಇಂಗ್ಲಿಷಿನ ಎಂಟರಂತೆಯೇ ಇರುತ್ತದೆ, ಏಳು ಇಂಗ್ಲಿಷಿನ ಒಂಬತ್ತರಂತೆ. ಕೆಲವು ಕಡೆ ಒಂದು, ಎರಡು, ನಾಲ್ಕು ಎಂಬ ಅಂಕಿಯ ಬದಲು ಚಂದ್ರ, ನೇತ್ರ, ವೇದ ಎಂದು ಪದಗಳಿರುತ್ತವೆ. ನಮ್ಮ ಶಾಸನಗಳಲ್ಲಿ ಇರುವ ಪದ್ಧತಿಯೇ, ಓದುವುದೂ ಹಾಗೆಯೇ ಕೊನೆಯ ಪದದಿಂದ ಮೊದಲ ಪದದತ್ತ.

ಬಿಸಿಲೇರಿದಾಗ ಮೌಲೀಕ್ಷಾ ಗುಡಿಯ ನೆರಳು ಹಿತ. ಈ ದೇವಿಗೆ ಮೈಯಿಲ್ಲ, ಮುಖ ಮಾತ್ರ. ಮೌಲಿ ಎಂದರೆ ತಲೆ, ಈಕ್ಷಾ ಎಂದರೆ ನೋಟ, ಹೆಸರೇ ಹಾಗೆ. ಹತ್ತಿರದ ತಾರಾಪೀಠದ ತಾರಾದೇವಿಗೆ ಇವಳು ಅಕ್ಕ ಎಂದು ಊರವರು ನಂಬುತ್ತಾರೆ. ತಾರಾಪೀಠದ ಹೆಸರಿನ ಜೊತೆ ಬೆಸೆದುಹೋಗಿರುವ ಸಾಧಕ ಬಾಮಾಖ್ಯಾಪಾ ಅಲ್ಲಿ ನೆಲೆಯಾಗುವ ಮೊದಲು ಇಲ್ಲಿ ಕೆಲಸಕ್ಕಿದ್ದರು, ಪೂಜೆಗೆ ಹೂ ಬಿಡಿಸಿ ತರುವ ಕೆಲಸ. ಅರಸರ ಗುರುಪೀಠ ದೂರದ ಕಾಶಿಯ ಸುಮೇರು ಮಠ. ಶಿವ, ಶಕ್ತಿ, ದಂಡ ಹಿಡಿದ ಸನ್ಯಾಸಿಯಾದ ದಂಡಿಸ್ವಾಮಿ ಮೂರೂ ಒಂದೇ ಊರಲ್ಲಿ ಜಗಳವಿಲ್ಲದೆ ಇವೆ. ಕಾಳಿಪೂಜೆಯ ರಾತ್ರಿ ಒಂದೊಂದು ಮನೆತನ ತನ್ನದೇ ಕಾಳಿಯನ್ನು ಕೂರಿಸುತ್ತದೆ, ಎಲ್ಲೆಲ್ಲೋ ನೆಲೆಸಿದ ವಂಶದವರು ಅಂದು ಊರಿಗೆ ಬರುತ್ತಾರೆ. ಪಾಲುಪಟ್ಟಿ ಇನ್ನೂ ಜೀವಂತವಾಗಿರುವುದು ಆ ಒಂದು ರಾತ್ರಿ.

ಉಳಿದ ದಿನಗಳಲ್ಲಿ ಗುಡಿಗಳನ್ನು ನೋಡಿಕೊಳ್ಳುವವರು ಯಾರು? 1950ರ ಬಿಹಾರ ಭೂಸುಧಾರಣಾ ಕಾಯಿದೆಯೊಂದಿಗೆ ಜಮೀನ್ದಾರಿ ಹೋಯಿತು. ರೈತನಿಗೆ ಅದು ಸಲ್ಲಬೇಕಾದ ನ್ಯಾಯವೇ. ಆದರೆ ಇಟ್ಟಿಗೆಯ ಗುಡಿಗೆ ಪ್ರತಿ ವರ್ಷ ಮಳೆಗಾಲದ ಮುಂಚೆ ಕೈಯಾಡಿಸಲೇಬೇಕು, ಆ ಖರ್ಚಿನ ಬಾಬ್ತು ಯಾವ ಲೆಕ್ಕದಲ್ಲೂ ಉಳಿಯಲಿಲ್ಲ.

ಕೆಡುವುದು ಹೀಗೆ. ನೆಲದ ನೀರು ಗೋಡೆಯೊಳಗೆ ಏರಿ ಸೊಂಟದೆತ್ತರಕ್ಕೆ ಬಂದು ಆರುತ್ತದೆ. ನೀರು ಹೋದ ಮೇಲೆ ಉಪ್ಪು ಉಳಿದು, ಫಲಕದ ಮೇಲ್ಮೈಯ ಕೆಳಗೆ ಹರಳುಗಟ್ಟಿ ಮುಖವನ್ನೇ ಸಿಪ್ಪೆಯಂತೆ ಎಬ್ಬಿಸುತ್ತದೆ. ಕೆಳಸಾಲಿನ ಫಲಕಗಳು ಮೊದಲು ಸವೆಯುವುದು ಅದಕ್ಕೇ. ಮೇಲಿನಿಂದ ಬರುವ ಶತ್ರು ಅರಳಿ. ಹಕ್ಕಿ ಹಣ್ಣು ತಿಂದು ಸೂರಿನ ಮೇಲೆ ಹಿಕ್ಕೆ ಹಾಕುತ್ತದೆ, ಸುಣ್ಣದ ಗಾರೆಯ ಸಂದಿಯಲ್ಲಿ ಬೀಜ ಮೊಳೆಯುತ್ತದೆ. ಕಾಂಡ ಕತ್ತರಿಸಿದರೆ ಬುಡ ಇನ್ನೂ ನಾಲ್ಕು ಕವಲೊಡೆಯುತ್ತದೆ. ಬಲಿತ ಬೇರನ್ನು ಎಳೆದರೆ ಇಟ್ಟಿಗೆ ಸಮೇತ ಬರುತ್ತದೆ. ಬೇರನ್ನು ಒಳಗೇ ಸಾಯಿಸಿ, ಒಣಗಿದ ಮೇಲೆ ತುಂಡು ತುಂಡಾಗಿ ತೆಗೆದು, ಆ ಪೊಳ್ಳಿಗೆ ತೆಳು ಸುಣ್ಣದ ಗಾರೆ ಇಳಿಸಬೇಕು.

ಮೂರನೆಯ ಶತ್ರು ಸಿಮೆಂಟು, ಒಳ್ಳೆಯ ಮನಸ್ಸಿನಿಂದಲೇ ಬರುವಂಥದು. ಹಳೆ ಗಾರೆ ಸುಣ್ಣ ಮತ್ತು ಸುರ್ಖಿಯದು, ಅಂದರೆ ಇಟ್ಟಿಗೆ ಪುಡಿಯದು, ಇಟ್ಟಿಗೆಗಿಂತ ಮೆದು. ಪಸೆ ಅದರ ಮೂಲಕ ಹೊರಹೋಗುತ್ತದೆ, ಸವೆದರೆ ಗಾರೆ ಸವೆಯುತ್ತದೆ, ಮತ್ತೆ ತುಂಬಬಹುದು. ಸಿಮೆಂಟು ಬಳಿದರೆ ಪಸೆಗೆ ದಾರಿ ಕಟ್ಟಿ, ಅದು ಇಟ್ಟಿಗೆಯ ಮೂಲಕವೇ ಹೊರಬರುತ್ತದೆ. ಆಗ ಗಾರೆ ಗಟ್ಟಿಯಾಗಿ ನಿಲ್ಲುತ್ತದೆ, ಇಟ್ಟಿಗೆ ಪುಡಿಯಾಗುತ್ತದೆ. ದುರಸ್ತಿಗೆ ವಾರಗಟ್ಟಲೆ ನೀರಲ್ಲಿ ನೆನೆದ ಸುಣ್ಣ ಒಂದು ಪಾಲು, ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ ಎರಡರಿಂದ ಮೂರು ಪಾಲು, ಬಳಿದ ಮೇಲೆ ಒದ್ದೆ ಗೋಣಿ ಹೊದಿಸಿ ನಿಧಾನವಾಗಿ ಆರಿಸುವ ತಾಳ್ಮೆ, ಇಷ್ಟು ಬೇಕು. ಫಲಕಕ್ಕೆ ಬಣ್ಣವನ್ನಂತೂ ಬಳಿಯಲೇಬಾರದು, ಅದು ಸಿಮೆಂಟಿನ ತಮ್ಮ.

ಮಲೂಟಿಗೆ ಗಮನ ಸಿಕ್ಕಿದ್ದು ತಡವಾಗಿ. 2010ರಲ್ಲಿ ಗ್ಲೋಬಲ್ ಹೆರಿಟೇಜ್ ಫಂಡ್ ಎಂಬ ಸಂಸ್ಥೆ ಪ್ರಪಂಚದ ಅಳಿವಿನಂಚಿನ 12 ತಾಣಗಳಲ್ಲಿ ಇದನ್ನೂ ಸೇರಿಸಿತು. 2015ರ ಗಣರಾಜ್ಯೋತ್ಸವದಲ್ಲಿ ಜಾರ್ಖಂಡದ ಸ್ತಬ್ಧಚಿತ್ರವಾಗಿ ಮಲೂಟಿ ದೆಹಲಿಯ ರಾಜಪಥದಲ್ಲಿ ಸಾಗಿತು. ಅದೇ ವರ್ಷ ಅಕ್ಟೋಬರ್ 2ರಂದು ಪ್ರಧಾನಿ ದುಮ್ಕಾಕ್ಕೆ ಬಂದು ಜೀರ್ಣೋದ್ಧಾರದ ಕೆಲಸಕ್ಕೆ ಚಾಲನೆ ಕೊಟ್ಟರು.

ಸಂಜೆ ನಾಲ್ಕರ ಹೊತ್ತಿಗೆ ಬಿಸಿಲು ಮತ್ತೆ ಓರೆಯಾಗುತ್ತದೆ, ಬೆಳಿಗ್ಗೆ ಕಾಣದ ಬದಿಯ ಫಲಕಗಳು ಆಗ ಕಾಣುತ್ತವೆ. ಊರಿನ ಅಂಚಿನ ಒಂದು ಸಣ್ಣ ಗುಡಿಯಲ್ಲಿ ಬಾಗಿಲ ಎಡಕ್ಕೆ ಹೊಸ ಗಾರೆ ಇನ್ನೂ ಬೆಳ್ಳಗಿತ್ತು. ಅದರ ಮೇಲೆ, ಸೂರಿನ ಹುಬ್ಬು ಇಳಿಯುವ ಮೂಲೆಯಲ್ಲಿ, ಎರಡೇ ಎಲೆಯ ಅರಳಿ ಸಸಿ. ಬೇರು ಇನ್ನೂ ಬೆರಳುದ್ದವೂ ಇಳಿದಿರಲಾರದು, ಎರಡು ಬೆರಳಲ್ಲಿ ಹಿಡಿದೆಳೆದರೆ ಬಂದುಬಿಡುತ್ತದೆ. ಹತ್ತಿರದ ಮನೆಯ ಜಗಲಿಯಲ್ಲಿ ಕೂತಿದ್ದ ಹಿರಿಯರಿಗೆ ತೋರಿಸಿದರೆ ಎದ್ದು ಬಂದು, ಹಣೆಗೆ ಕೈ ಅಡ್ಡ ಹಿಡಿದು ನೋಡಿ, ಏಣಿ ತರಲು ಹುಡುಗನನ್ನು ಕಳಿಸಿದರು.